ಸಹಾಯ ಬೇಕು: ಲೂಸಿಯಾನಾಕ್ಕೆ ಟೀಚರ್ ಆಗಿ ಹೊರಟಿದ್ದೇನೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ 9 ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದೇನೆ. ಈ ಆಗಸ್ಟ್‌ನಲ್ಲಿ ಜೆ-1 ವೀಸಾ (ವಿನಿಮಯ ಕಾರ್ಯಕ್ರಮಗಳಲ್ಲಿ ಹೋಗುವವರಿಗೆ ಕೊಡುವ ವೀಸಾ) ಮೇಲೆ ಅಮೆರಿಕದ ಲೂಸಿಯಾನಾ ರಾಜ್ಯದ ಲಫಾಯೆಟ್‌ಗೆ ಹೊರಟಿದ್ದೇನೆ. ಅಲ್ಲಿ ಜಿಲ್ಲೆಗೆ ಕೌಂಟಿ ಅನ್ನುವುದಿಲ್ಲ, ಪ್ಯಾರಿಷ್ ಅನ್ನುತ್ತಾರೆ; ಚರ್ಚಿನ ವ್ಯಾಪ್ತಿಗೂ ಅದೇ ಪದ. ಅರ್ಜಿ ತುಂಬುವಾಗ ಚರ್ಚಿನ ಹೆಸರು ಕೇಳುತ್ತಿದ್ದಾರೆ ಅಂದುಕೊಂಡು ಅರ್ಧ ಗಂಟೆ ಸುಮ್ನೆ ತಲೆ ಕೆರೆದುಕೊಂಡೆ! ಕೇಜನ್ (ಅಲ್ಲಿನ ಫ್ರೆಂಚ್ ಮೂಲದ ಜನ) ಪಿಟೀಲು, ಝೈಡಿಕೋ ಅನ್ನುವ ಅಲ್ಲಿನ ಸಂಗೀತಕ್ಕೆ ಕುಣಿತ, ಮಾರ್ಡಿ ಗ್ರಾ ಹಬ್ಬ ಎಲ್ಲ ನೋಡುವ ಆಸೆ ಇದೆ. ಗಂಬೋ ಅನ್ನುವ ಅಲ್ಲಿನ ಗಟ್ಟಿ ಸಾರಿನಲ್ಲಿ ನಮ್ಮ ಬೆಂಡೆಕಾಯಿ ಇದ್ದರೂ ಜೊತೆಗೆ ಸೀಗಡಿಯೋ ಸಾಸೇಜೋ ಇರುತ್ತದಂತೆ. ನಾನು ಸಸ್ಯಾಹಾರಿ.

ಅಲ್ಲಿರುವವರು ದಯವಿಟ್ಟು ಹೇಳಿ. ಕಾರಿಲ್ಲದೆ ಮೊದಲ ತಿಂಗಳು ತಳ್ಳಬಹುದಾ? ಕ್ರೆಡಿಟ್ ಹಿಸ್ಟರಿ (ಸಾಲ ತೀರಿಸಿದ ದಾಖಲೆ) ಇಲ್ಲದವರಿಗೆ ಬಾಡಿಗೆ ಮನೆ ಸಿಗುತ್ತದಾ? ಜೂನ್‌ನಿಂದ ನವೆಂಬರ್ ತನಕ ಚಂಡಮಾರುತದ ಕಾಲ ಅಲ್ವಾ, ನಾನು ಇಳಿಯುವುದೇ ಅದರ ನಡುವೆ. ನೀರು ನುಗ್ಗುವ ಏರಿಯಾ ಯಾವುದು ಅಂತ ಮನೆ ಹಿಡಿಯುವ ಮೊದಲೇ ತಿಳಿದುಕೊಳ್ಳುವುದು ಹೇಗೆ? ಸಾರಿನ ಪುಡಿ ಜಾಸ್ತಿ ತರಲಾ?