ಒಂದೇ ಸ್ಟಿರಾಯ್ಡ್ ಮಾತ್ರೆ: ಅಕ್ಕ ಆರಾಮ, ನನಗೆ ಮಾತ್ರ ತೊಂದರೆ. ಜೀನ್ ಕಾರಣಾನಾ?

ಕೆಟಿಜೆ ನಗರದವಳು, ದಾವಣಗೆರೆ:
ಅಕ್ಕನಿಗೂ ನನಗೂ ಉಬ್ಬಸ. ಇಬ್ಬರಿಗೂ ಪ್ರೆಡ್ನಿಸೊಲೋನ್ ಕೊಟ್ಟಿದ್ದರು, ಡೋಸೂ ಹೆಚ್ಚುಕಮ್ಮಿ ಒಂದೇ. ಅವಳಿಗೆ ಏನೂ ಆಗಲಿಲ್ಲ. ನನಗೆ ಮುಖ ಊದಿಕೊಂಡಿತು, ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು, ಊಟದ ನಂತರದ ಶುಗರ್ 240. ಈಗ ಕಣ್ಣಿನ ಪ್ರೆಶರ್ ಕೂಡ 28 ಅಂತಾರೆ. ಅಪ್ಪನಿಗೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುತ್ತಾ ಹೋಗುವ ಕಾಯಿಲೆ ಇದೆ. ಒಡಹುಟ್ಟಿದವರಲ್ಲೇ ಇಷ್ಟು ವ್ಯತ್ಯಾಸ ಯಾಕೆ? ಜೀನ್ ಟೆಸ್ಟ್ ಮಾಡಿಸಲಾ?

ದುರ್ಗದ ಫಾರ್ಮಸಿಸ್ಟ್:
ಟೆಸ್ಟ್ ಆಮೇಲೆ. ಅಪ್ಪನ ಗ್ಲಾಕೋಮಾ ವಿಷಯ ಮೊದಲು ಡಾಕ್ಟರಿಗೆ ಹೇಳಿ. ಕಣ್ಣಿನ ಪ್ರೆಶರ್ 21ರ ಒಳಗಿದ್ದರೆ ಸಾಮಾನ್ಯ. 1960ರ ದಶಕದಲ್ಲೇ ಆರ್ಮಾಲಿ, ಬೆಕರ್ ಅನ್ನೋ ವೈದ್ಯರು ಸ್ಟಿರಾಯ್ಡ್ ಡ್ರಾಪ್ಸ್ ಹಾಕಿ ನೋಡಿದ್ದರು. ಸುಮಾರು ಮೂವರಲ್ಲಿ ಒಬ್ಬರಿಗೆ ಪ್ರೆಶರ್ ಸ್ವಲ್ಪ ಏರುತ್ತದೆ, ನೂರಕ್ಕೆ ಐದರ ಆಸುಪಾಸು ಜನಕ್ಕೆ ಜೋರಾಗಿ. ಗ್ಲಾಕೋಮಾ ಇರುವವರ ಮಕ್ಕಳಿಗೆ ಇದು ಜಾಸ್ತಿ. ಧೂಳಿಗೆ ಕಣ್ಣು ತುರಿಸಿತು ಅಂತ ಅಂಗಡಿಯಲ್ಲಿ ಕೇಳಿ ತರುವ ಡ್ರಾಪ್ಸ್‌ನಲ್ಲೂ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತದೆ, ಅದನ್ನು ಮುಟ್ಟಲೇಬೇಡಿ.

ಲ್ಯಾಬ್ ಮೇಷ್ಟ್ರು:
ಅಕ್ಕತಂಗಿಯರಿಗೆ ಜೀನ್ ಪೂರ್ತಿ ಒಂದೇ ಇರಲ್ಲ, ಸರಾಸರಿ ಅರ್ಧ ಮಾತ್ರ ಹೊಂದುತ್ತದೆ. ಜೀವಕೋಶದಲ್ಲಿ ಸ್ಟಿರಾಯ್ಡ್ ಹೋಗಿ ಅಂಟಿಕೊಳ್ಳುವ ರಿಸೆಪ್ಟರ್‌ಗೆ ಎನ್‌ಆರ್3ಸಿ1 ಅಂತ ಒಂದು ಜೀನ್ ಇದೆ. ಅದರ ಎನ್363ಎಸ್ ರೂಪ ಇದ್ದವರಿಗೆ ಔಷಧ ಜಾಸ್ತಿ ನಾಟುತ್ತದೆ ಅಂತ ಕೆಲವು ಅಧ್ಯಯನ ಹೇಳುತ್ತವೆ, ಇನ್ನು ಕೆಲವು ಒಪ್ಪಲ್ಲ. ಆ ರಿಪೋರ್ಟ್ ನೋಡಿ ಯಾವ ಡಾಕ್ಟರೂ ಡೋಸ್ ಬದಲಿಸಲ್ಲ, ಸುಮ್ನೆ ದುಡ್ಡು ದಂಡ. ಇನ್ನೊಂದು ಮಾತು, ಎಲ್ಲಾ ಜೀನ್ ಮೇಲೆ ಹಾಕಬೇಡಿ. ಬ್ಯುಡೆಸೊನೈಡ್ ಇನ್ಹೇಲರ್ ಎಳೆಯುತ್ತಾ ಹುಳುಕಡ್ಡಿಗೆ ಇಟ್ರಾಕೊನಜೋಲ್ ನುಂಗಿದರೆ, ಲಿವರ್ ಆ ಸ್ಟಿರಾಯ್ಡನ್ನು ಬೇಗ ಕರಗಿಸಲ್ಲ, ಮೈಯಲ್ಲಿ ಉಳಿದುಬಿಡುತ್ತದೆ. ನೀವೇನಾದರೂ ನುಂಗಿದ್ರಾ?

ಶುಗರ್ ಅನುಭವಿ, ಹರಿಹರ:
ಬೆಳಗ್ಗೆ ಮಾತ್ರೆ ತಗೊಂಡರೆ ಶುಗರ್ ಏರೋದು ಮಧ್ಯಾಹ್ನದ ಮೇಲೆ. ಖಾಲಿ ಹೊಟ್ಟೆಯದ್ದು ನಾರ್ಮಲ್ ಬಂತು ಅಂತ ನಂಬಿ ಕೂರಬೇಡಿ. ಹೆದರಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಲೂಬೇಡಿ. ವಾರಗಟ್ಟಲೆ ತಗೊಂಡಿದ್ದರೆ ಮೈ ತಾನೇ ಮಾಡಿಕೊಳ್ಳುವ ಕಾರ್ಟಿಸೋಲ್ ಅನ್ನೋ ಸ್ಟಿರಾಯ್ಡ್ ಕಮ್ಮಿಯಾಗಿರಬಹುದು, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ಕೆಟಿಜೆ ನಗರದವಳು:
ಹುಳುಕಡ್ಡಿ ಮಾತ್ರೆ ತಗೊಂಡಿಲ್ಲ ಸರ್. ಅಕ್ಕನಿಗೆ ಏನೂ ಆಗಿಲ್ಲವಲ್ಲ, ಅವಳು ಕಣ್ಣು ತೋರಿಸೋದು ಬೇಡ ಅಲ್ವಾ?

ದುರ್ಗದ ಫಾರ್ಮಸಿಸ್ಟ್:
ತೋರಿಸಲೇಬೇಕು. ಅವರಿಗೂ ಅದೇ ಅಪ್ಪ ತಾನೇ? ಪ್ರೆಶರ್ ಹೀಗೆ ಏರುವಾಗ ನೋವೂ ಇರಲ್ಲ, ಉರಿಯೂ ಇರಲ್ಲ. ಅಳೆದು ನೋಡದೆ ಏನೂ ಆಗಿಲ್ಲ ಅಂತ ಹೇಗೆ ಹೇಳ್ತೀರಿ?