ಹಾವುಮೆಕ್ಕೆ ಬಳ್ಳಿಗೆ ಎಂಥ ನೆಲ, ಎಷ್ಟು ನೀರು?

ಪ್ರಶ್ನೆ
ಗೊಬ್ಬರ ಬೆರೆಸಿದ ಮಣ್ಣನ್ನು ಕುಂಡಕ್ಕೆ ತುಂಬಿ, ಹಾವುಮೆಕ್ಕೆಯ ಬೀಜಗಳನ್ನು ಮೇಲೆಯೇ ಉದುರಿಸಿ, ದಿನವೂ ನೀರು ಹನಿಸುತ್ತಾ ಬಂದೆ. ಬಹುಪಾಲು ಬೀಜಗಳು ಮೊಳೆಯಲಿಲ್ಲ. ಮೊಳೆತ ಎರಡು ಸಸಿಗಳು ನಾಲ್ಕೆಲೆ ಬಿಡುವಷ್ಟರಲ್ಲಿ ಬುಡ ಕೊಳೆತು ಒರಗಿದವು. ಮರುಭೂಮಿಯಲ್ಲಿ ಯಾರ ಆರೈಕೆಯೂ ಇಲ್ಲದೆ ಹಬ್ಬುವ ಬಳ್ಳಿ ಇಲ್ಲಿ ಏಕೆ ಉಳಿಯಲಿಲ್ಲ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1
ಸಹಾರಾದಿಂದ ಅರೇಬಿಯಾ, ಇರಾನ್ ದಾಟಿ ಥಾರ್‌ವರೆಗೆ ಮರಳುನೆಲದಲ್ಲಿ ಹರಡಿರುವ ಈ ಬಳ್ಳಿ ಕಲ್ಲಂಗಡಿಯ ಹತ್ತಿರದ ಬಂಧು. ಸೀಳುಸೀಳಾದ, ಮುಟ್ಟಿದರೆ ಒರಟಾದ ಎಲೆಗಳನ್ನು ನೋಡಿದರೇ ಆ ನಂಟು ತಿಳಿಯುತ್ತದೆ. ಆದರೆ ಇದು ಕಳ್ಳಿಯಂತೆ ನೀರನ್ನು ಬಿಗಿಹಿಡಿದು ಬದುಕುವ ಗಿಡವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ದಪ್ಪನೆಯ ತಾಯಿಬೇರನ್ನು ಆಳಕ್ಕಿಳಿಸಿ ಅಲ್ಲಿನ ತೇವವನ್ನು ಹೀರಿ, ಎಲೆಗಳಿಂದ ಧಾರಾಳವಾಗಿ ಆವಿಯಾಗಿ ಬಿಡುವುದರಿಂದ, ಸುಡುವ ನಡುಹಗಲಿನಲ್ಲಿಯೂ ಅದರ ಎಲೆ ಸುತ್ತಲಿನ ಗಾಳಿಗಿಂತ ತಂಪಾಗಿರುತ್ತದೆ. ಅದೇ ಎಲೆಯನ್ನು ಬಳ್ಳಿಯಿಂದ ಕಿತ್ತರೆ ನೀರಿನ ಪೂರೈಕೆ ನಿಂತು, ಬಿಸಿಲಿನ ತಾಪ ತಾಳಲಾರದೆ ಸಾಯುತ್ತದೆ. ಮೇಲ್ಮಣ್ಣು ಒಣಗಿರಬೇಕು, ಆಳದಲ್ಲಿ ತೇವವಿರಬೇಕು. ತಮ್ಮ ಕುಂಡದಲ್ಲಿ ಇದು ತಿರುವುಮುರುವಾಗಿದೆ. ಗೊಬ್ಬರವನ್ನು ಬಿಟ್ಟು, ಮರಳೇ ಹೆಚ್ಚಿರುವ, ನೀರು ಬಸಿದುಹೋಗುವ ಮಣ್ಣನ್ನು ಆಳವಾದ ತೊಟ್ಟಿಗೆ ತುಂಬಿರಿ. ಸಾಧ್ಯವಾದರೆ ನೆಲದಲ್ಲಿಯೇ ಬೆಳೆಸುವುದು ಒಳಿತು.

ಉತ್ತರ 2
ಮೇಲಿನ ಮಾತಿಗೆ ಬೀಜದ ವಿಚಾರವನ್ನು ಸೇರಿಸುತ್ತೇನೆ. ಬೆಳಕು ಈ ಬೀಜದ ಮೊಳಕೆಯನ್ನು ತಡೆಯುತ್ತದೆ. ಮರಳಿನಡಿ ಹೂತುಹೋದ ಬೀಜ ಮಾತ್ರ ಬೇರೂರುವಷ್ಟು ತೇವವನ್ನು ಕಾಣುವ ಮರುಭೂಮಿಯಲ್ಲಿ ಈ ಗುಣ ಅದನ್ನು ಕಾಪಾಡುತ್ತದೆ. ಆದ್ದರಿಂದ ಒಂದೆರಡು ಸೆಂಟಿಮೀಟರ್ ಆಳದಲ್ಲಿ, ಬೆಚ್ಚಗಿನ ದಿನಗಳಲ್ಲಿ ಊರಿರಿ. ಬೇರು ನೋಯುವ ಕಾರಣ, ಸಸಿಯನ್ನು ಕಿತ್ತು ಬೇರೆಡೆ ನೆಡಬೇಡಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಈ ಬಾರಿ ಆಳದ ತೊಟ್ಟಿಯಲ್ಲಿ ಬೀಜ ಹೂಳುತ್ತೇನೆ. ಬಳ್ಳಿ ಒಂದೇ ಇದ್ದರೆ ಕಾಯಿ ಕಚ್ಚುವುದೇ? ಕಾಯಿಯನ್ನು ತಿನ್ನಬಹುದೇ?

ಉತ್ತರ 1
ಹಳದಿ ಬಣ್ಣದ ಗಂಡುಹೂ, ಹೆಣ್ಣುಹೂಗಳು ಒಂದೇ ಬಳ್ಳಿಯಲ್ಲಿ ಬೇರೆಬೇರೆಯಾಗಿ ಅರಳುತ್ತವೆ. ಜೇನ್ನೊಣಗಳು ಬಂದರೆ ಕಾಯಿ ಕಚ್ಚುತ್ತದೆ. ಆದರೆ ತಿರುಳನ್ನು ಖಂಡಿತ ತಿನ್ನಬಾರದು. ಅದರಲ್ಲಿರುವ ಕುಕುರ್ಬಿಟಾಸಿನ್ ಎಂಬ ಕಡುಕಹಿಯ ವಸ್ತುಗಳು ರಕ್ತಭೇದಿಯಾಗುವಷ್ಟು ಕರುಳನ್ನು ಕೆರಳಿಸಬಲ್ಲವು. ಹಣ್ಣಾದಾಗ ಹಳದಿಗೆ ತಿರುಗಿ ಕಿತ್ತಳೆಯಂತೆ ಕಾಣುವುದರಿಂದ, ಮಕ್ಕಳು ಓಡಾಡುವ ಕಡೆ ಬಳ್ಳಿಯನ್ನು ಹಬ್ಬಿಸಬೇಡಿ.