ಅಡುಗೆಮನೆಯ ಸೀಲಿಂಗಿಗೆ ಎಂತಹ ಎಲ್‌ಇಡಿ ದೀಪ? ಬಳಸಿದವರು ತಿಳಿಸಿರಿ

ಧಾರವಾಡ, ಸಪ್ತಾಪುರ (ಪ್ರಶ್ನೆ): ನಮ್ಮ ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲವಿದ್ದು, ಜಿಪ್ಸಮ್ ಸೀಲಿಂಗ್ ಮಾಡಿಸುತ್ತಿದ್ದೇವೆ. ಅದರೊಳಗೆ 12 ವ್ಯಾಟಿನ ಎಂಟು ಕನ್ಸೀಲ್ಡ್ ದೀಪಗಳು ಬೇಕೆಂದು ಸೀಲಿಂಗಿನವರು ಹೇಳುತ್ತಾರೆ. ವಿದ್ಯುತ್ ಕಡಿಮೆ ಖರ್ಚಾಗಬೇಕು, ದೀಪ ಬಾಳಿಕೆಯೂ ಬರಬೇಕು. ಅನುಭವ ಉಳ್ಳವರು ದಯವಿಟ್ಟು ತಿಳಿಸಬೇಕು.

ಹುಬ್ಬಳ್ಳಿ, ಕೇಶ್ವಾಪುರ: ವ್ಯಾಟಿನ ಲೆಕ್ಕ ಆಮೇಲಿರಲಿ, ಮೊದಲು ಡ್ರೈವರ್ (ಮನೆಯ ವಿದ್ಯುತ್ತನ್ನು ಎಲ್‌ಇಡಿಗೆ ಹೊಂದುವಂತೆ ಮಾರ್ಪಡಿಸುವ ಭಾಗ) ನೋಡಿರಿ. ನಮ್ಮ ಆರು ದೀಪಗಳಲ್ಲಿ ನಾಲ್ಕು ಎರಡನೆಯ ಬೇಸಿಗೆಯನ್ನು ದಾಟಲಿಲ್ಲ; ನಾಲ್ಕರಲ್ಲಿಯೂ ಎಲ್‌ಇಡಿ ಸರಿಯಾಗಿಯೇ ಇತ್ತು, ಸತ್ತದ್ದು ಡ್ರೈವರಿನೊಳಗಿನ ಕೆಪಾಸಿಟರ್. ಕೆಳಗಿನಿಂದ ಒಲೆಯ ಶಾಖ, ಮೇಲಿನಿಂದ ಕಾದ ಸ್ಲ್ಯಾಬು, ನಡುವೆ ಗಾಳಿಯಾಡದ ನಾಲ್ಕು ಇಂಚು ಜಾಗ. ಹತ್ತು ಡಿಗ್ರಿ ಹೆಚ್ಚಾದರೆ ಇಂತಹ ಕೆಪಾಸಿಟರಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದು ದೀಪಕ್ಕೆ 280 ರೂಪಾಯಿ ಕೊಟ್ಟಿದ್ದೆವು. ಬಿಡಿ ಡ್ರೈವರ್ 110 ರೂಪಾಯಿಗೆ ಸಿಗುತ್ತಿತ್ತು, ಆದರೆ ನಮ್ಮದರಲ್ಲಿ ಅದನ್ನು ದೀಪಕ್ಕೇ ಬೆಸೆದಿದ್ದರು. ಹೊಸ ದೀಪ ತಂದರೆ ಅದಕ್ಕೆ 5 ಇಂಚಿನ ತೂತು ಬೇಕು, ಹಳೆಯ ತೂತು 6 ಇಂಚಿನದು. ಬೋರ್ಡಿನ ತುಂಡು ಕೂರಿಸಿ, ಪುಟ್ಟಿ ಹಚ್ಚಿ, ಒಂದೇ ಕಡೆ ಬಳಿದರೆ ಕಲೆ ಕಾಣುತ್ತದೆಂದು ಇಡೀ ಸೀಲಿಂಗಿಗೆ ಬಣ್ಣ ಬಳಿಸುವಷ್ಟರಲ್ಲಿ 3,400 ರೂಪಾಯಿ ಹೋಯಿತು. ಅಂಗಡಿಯವರು ವಾರಂಟಿ ದೀಪಕ್ಕೆ ಮಾತ್ರ ಎಂದರು! ಡ್ರೈವರ್ ಪ್ರತ್ಯೇಕವಾಗಿದ್ದು, ಪಿನ್ನಿನಿಂದ ಬಿಚ್ಚಿ ಜೋಡಿಸಲು ಬರುವಂಥದ್ದನ್ನೇ ಕೊಳ್ಳಿರಿ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆಯನ್ನೂ ನೋಡಿರಿ.

ಗದಗ-ಬೆಟಗೇರಿ: ಇಷ್ಟೆಲ್ಲ ಹಣ ಸುರಿದು ಸೀಲಿಂಗಿಗೆ ತೂತು ಕೊರೆಯುವ ಅಗತ್ಯವಾದರೂ ಏನು? ನಮ್ಮದು ಜಂತಿಯ ಮನೆ. ಅಡುಗೆ ಕಟ್ಟೆಯ ಮುಂದೆ ನಿಂತವರ ಎದುರಿನ ಗೋಡೆಗೆ 20 ವ್ಯಾಟಿನ ಒಂದು ಎಲ್‌ಇಡಿ ಟ್ಯೂಬ್ ಹಾಕಿಸಿದ್ದೇವೆ. ಬೆಳಕು ಸುಮಾರು 2,000 ಲ್ಯೂಮೆನ್, ಬೆಲೆ 260 ರೂಪಾಯಿ. ನಿಂತವರ ಬೆನ್ನ ಹಿಂದೆ ದೀಪವಿದ್ದರೆ ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಬೀಳುವುದು ತಲೆಯ ನೆರಳು. ಸೀಲಿಂಗಿನವರು ಅಂದ ನೋಡಿ ಕೋಣೆಯ ನಡುವೆ ದೀಪ ಕೂರಿಸುತ್ತಾರೆ, ಏಕೆಂದರೆ ಅವರು ರೊಟ್ಟಿ ಬಡಿಯುವುದಿಲ್ಲ. ಎಂಟು ದೀಪಗಳೆಂದರೆ 96 ವ್ಯಾಟ್: ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 14 ಯುನಿಟ್ ಮೀರುತ್ತದೆ. ನಮ್ಮದು ಮೂರು ಯುನಿಟ್.

ಹುಬ್ಬಳ್ಳಿ, ಕೇಶ್ವಾಪುರ: ಅವರು ಕೇಳಿದ್ದು ಸೀಲಿಂಗಿನೊಳಗಿನ ದೀಪದ ಬಗ್ಗೆ. ಒಗ್ಗರಣೆಯ ಜಿಡ್ಡು ಕುಳಿತ ಟ್ಯೂಬನ್ನು ನಿಮ್ಮ ಮನೆಯಲ್ಲಿ ಯಾರು ಒರೆಸುತ್ತಾರೆಂಬುದನ್ನೂ ಬರೆಯಿರಿ.

ಗದಗ-ಬೆಟಗೇರಿ: ನಾನೇ ಒರೆಸುತ್ತೇನೆ. ನಿಮ್ಮ ತೂತುಗಳೊಳಗೆ ಸೇರಿದ ಜಿಡ್ಡನ್ನು ಯಾರೂ ಒರೆಸುವುದಿಲ್ಲ, ಅಷ್ಟೇ ವ್ಯತ್ಯಾಸ.

ಹುಬ್ಬಳ್ಳಿ, ನವನಗರ: ಗೃಹಜ್ಯೋತಿ ಇರುವಾಗ ಹನ್ನೊಂದು ಯುನಿಟ್ಟಿಗೆ ಇಷ್ಟು ಜಗಳವೇಕೆ? ನಮ್ಮಲ್ಲಿ ಹತ್ತು ದೀಪಗಳಿವೆ, ಬಿಲ್ಲು ಸೊನ್ನೆ ಬರುತ್ತದೆ.

ಗದಗ-ಬೆಟಗೇರಿ: ಎಲ್ಲರಿಗೂ 200 ಯುನಿಟ್ ಉಚಿತವೆಂದು ತಿಳಿದವರು ಹೀಗೆಯೇ ಮಾತನಾಡುತ್ತಾರೆ. ನಮ್ಮ ಮಿತಿ ನಿಗದಿಯಾದದ್ದು 2022-23ರ ಸರಾಸರಿಗೆ ಶೇಕಡ 10 ಸೇರಿಸಿ. ಸರಾಸರಿ 82 ಇತ್ತು, ಆದ್ದರಿಂದ ಮಿತಿ 90. ಹನ್ನೊಂದು ಯುನಿಟ್ ಕೂಡಿದರೆ ಮಿತಿ ದಾಟಿ, ಮೀರಿದ್ದಕ್ಕೆ ಹಣ ಕಟ್ಟಬೇಕು. 200 ದಾಟಿದವರು ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ತಮ್ಮ ಹಳೆಯ ಸರಾಸರಿ ದೊಡ್ಡದಿತ್ತೆಂದು ಕಾಣುತ್ತದೆ, ಅಭಿನಂದನೆಗಳು.

ಬ್ಯಾಡಗಿ: ಯುನಿಟ್, ಡ್ರೈವರ್ ಎಲ್ಲ ಸರಿ, ಬಣ್ಣದ ಮಾತನ್ನು ಒಬ್ಬರೂ ಎತ್ತಲಿಲ್ಲ. ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಮೊದಲು ಹಾಕಿಸಿದ 6500 ಕೆಲ್ವಿನ್ನಿನ, ಅಂದರೆ ನೀಲಿ ಛಾಯೆಯ ಬಿಳಿ ಬೆಳಕಿನ, ದೀಪಗಳ ಕೆಳಗೆ ಹೊಸ ಖಾರದ ಪುಡಿಯೂ ಹಳೆಯ ದಾಸ್ತಾನಿನಂತೆ ಕಂದಾಗಿ ಕಾಣುತ್ತಿತ್ತು, ಬಂದ ಬೀಗರೊಬ್ಬರು ಅದನ್ನು ಆಡಿಯೂ ತೋರಿಸಿದರು. ಪೆಟ್ಟಿಗೆಯ ಮೇಲೆ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬುದರ ಸರಾಸರಿ ಅಂಕ) 80 ಎಂದಿತ್ತು, ಆದರೆ ಆ ಸರಾಸರಿಯಲ್ಲಿ ಕಡುಗೆಂಪು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ಆರ್9 ಎಂಬ ಬೇರೆ ಅಂಕವಿದೆ. ಎಲ್ಲವನ್ನೂ ತೆಗೆಸಿ 4000 ಕೆಲ್ವಿನ್, ಸಿಆರ್‌ಐ 90ರ ದೀಪಗಳನ್ನು ಒಂದಕ್ಕೆ 640 ರೂಪಾಯಿಯಂತೆ ತಂದೆವು. ಅದೇ ವ್ಯಾಟಿಗೆ ಬೆಳಕು ಸ್ವಲ್ಪ ಕಡಿಮೆ, ಆದರೂ ನಮಗೆ ಒಪ್ಪಿಗೆಯಾಗಿದೆ.

ಹುಬ್ಬಳ್ಳಿ, ನವನಗರ: ಮೆಣಸಿನಕಾಯಿಯ ಬಣ್ಣ ನೋಡಲು ಹಗಲು ಬೆಳಕಿಲ್ಲವೇ?

ಬ್ಯಾಡಗಿ: ತಾವು ರಾತ್ರಿ ಊಟ ಮಾಡುವುದಿಲ್ಲವೇ?

ಧಾರವಾಡ, ಸಪ್ತಾಪುರ: ಎಲ್ಲರಿಗೂ ಧನ್ಯವಾದಗಳು. ಸೋಮವಾರ ತೂತು ಕೊರೆಯಲು ಬರುತ್ತಾರೆ. ಎಂಟು ಬೇಕೋ, ಕಡಿಮೆ ಸಾಕೋ ಎಂಬುದನ್ನಷ್ಟು ಹೇಳಿದರೆ ಉಪಕಾರವಾಗುತ್ತದೆ.

ರಾಣೆಬೆನ್ನೂರು: ನಾನು ವಾಯರಿಂಗ್ ಕೆಲಸದವನು. 80 ಚದರ ಅಡಿಗೆ ಸುಮಾರು 3,500 ಲ್ಯೂಮೆನ್ ಧಾರಾಳವಾಯಿತು. ವ್ಯಾಟಿಗೆ 100 ಲ್ಯೂಮೆನ್ ಕೊಡುವ 9 ವ್ಯಾಟಿನ ನಾಲ್ಕು ದೀಪಗಳನ್ನು ಕಟ್ಟೆಯ ಅಂಚಿನ ನೇರಕ್ಕೆ ಕೂರಿಸಿರಿ, ಕಪಾಟಿನ ಕೆಳಗೆ ಒಂದು ಪಟ್ಟಿ ದೀಪ ಹಾಕಿರಿ. ಎಂಟು ಎನ್ನುವವರು ತೂತಿನ ಲೆಕ್ಕದಲ್ಲಿ ಕೂಲಿ ಪಡೆಯುವವರು.

ಹುಬ್ಬಳ್ಳಿ, ಕೇಶ್ವಾಪುರ: ಪಟ್ಟಿ ದೀಪದ ಡ್ರೈವರನ್ನು ಎಲ್ಲಿಡುತ್ತೀರಿ? ಮತ್ತೆ ಒಲೆಯ ನೆತ್ತಿಯ ಮೇಲೆಯೇ?

ರಾಣೆಬೆನ್ನೂರು: ಇಲ್ಲ. ಒಲೆಯಿಂದ ದೂರದ ಕಪಾಟಿನೊಳಗೆ, ಕೈಗೆ ಎಟಕುವಂತೆ.